ಗುಡ್ಡ ಕಳೆದುಹೋಗಿತ್ತಂತೆ!

ಬಳ್ಳಾರಿ ಸೀಮೆಯ ಒಂದು ಗುಡ್ಡ ಕಳೆದುಹೋಗಿತ್ತಂತೆ. ಹುಡುಕಿ ಹೋದ ಪಂಡಿತರಿಗೆ ಬಹಳ ಕಾಲ ಸಿಗಲೇ ಇಲ್ಲವಂತೆ. ಕೊನೆಗೆ 2004ರಲ್ಲಿ ಅದು ಮತ್ತೆ ಪತ್ತೆಯಾಯಿತು ಅಂತ ಲಂಡನ್ನಿನಿಂದ ಸುದ್ದಿ ಬಂತು. ಕುರಿ ಕಳೆಯುತ್ತದೆ, ಕೊಡಲಿ ಕಳೆಯುತ್ತದೆ, ಗುಡ್ಡ ಹೇಗೆ ಕಳೆಯುತ್ತದೆ ಸ್ವಾಮಿ? ಅದರ ಮಗ್ಗುಲಲ್ಲೇ ಊರಿದೆ. ಊರಲ್ಲಿ ದನ ಕಾಯುವವರಿದ್ದಾರೆ. ಒಂದು ಮಾತು ಅವರನ್ನ ಕೇಳಿದ್ದರೆ ದಾರಿ ತೋರಿಸುತ್ತಿದ್ದರು.

ನಾವು ಹೇಳುತ್ತಿರುವುದು ಕಪ್ಪಗಲ್ಲಿನ ಹಿರೇಗುಡ್ಡದ ಮಾತು. ಸಂಗನಕಲ್ಲಿಗೆ ಅಂಟಿಕೊಂಡ ಸೀಮೆ ಅದು. ಇಂಗ್ಲಿಷಿನವರು ‘ಕುಪ್ಗಲ್’ ಅಂತ ಬರೆದುಕೊಂಡರು, ನಮ್ಮ ಓದಿದವರೂ ಹಾಗೇ ಅನ್ನತೊಡಗಿದರು. ಕಪ್ಪಗಲ್ಲು ಅಂದರೆ ನಮ್ಮ ಕಿವಿಗೆ ಕಪ್ಪು ಕಲ್ಲು ಕೇಳುತ್ತದೆ. ಗುಡ್ಡ ನೋಡಿದರೂ ಹಾಗೇ ಇದೆ. ಬಿಳಿಚು ಬಣ್ಣದ ಕಣಶಿಲೆಯ ಬಂಡೆಗಳ ನಡುವೆ ಕರೀ ಕಲ್ಲಿನ ಒಂದು ಸಾಲು ಹಾದುಹೋಗಿದೆ. ಡಾಲರೈಟ್ ಅಂತಾರೆ ಅದಕ್ಕೆ. ಆ ಕರೀ ಬಂಡೆಗಳ ಮೇಲೆ ಸಾವಿರಾರು ಚಿತ್ರಗಳು. ಉದ್ದ ಕೋಡಿನ, ಡುಬ್ಬದ ಎತ್ತುಗಳೇ ಹೆಚ್ಚು. ಒಂಟಿ ಗಂಡಸರು, ಸಾಲುಗಟ್ಟಿ ನಿಂತ ಮನುಷ್ಯರು, ಹೆಣ್ಣು ಗಂಡು ಕೂಡಿರುವ ಚಿತ್ರಗಳೂ ಇವೆ. ಹಳೆಯವು ಬಂಡೆಯ ಬಣ್ಣಕ್ಕೇ ತಿರುಗಿವೆ, ಹೊಸಬರ ಕೈಯವು ಬೆಳ್ಳಗೆ ಕಾಣುತ್ತವೆ. ಚಿತ್ರಗಳ ಹತ್ತಿರವೇ ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಸಣ್ಣ ಕುಳಿಗಳಿವೆ. ಆ ಕುಳಿಗೆ ಇನ್ನೊಂದು ಕಲ್ಲಿನಿಂದ ಬಡಿದರೆ ಬಂಡೆ ಜಾಗಟೆಯಂತೆ ಮೊಳಗುತ್ತದೆ.

ಚಿತ್ರಗಳನ್ನ ಹೊಗಳುವುದಕ್ಕೆ ಈ ಬರಹ ಬೇಕಿಲ್ಲ. ನಮ್ಮ ತಕರಾರಿರುವುದು ಅವುಗಳ ದಾಖಲೆಯ ಬಗ್ಗೆ.

1892ರಲ್ಲಿ ಮೊದಲು ಬರೆದ ಫಾಸೆಟ್ ಪೊಲೀಸ್ ಅಧಿಕಾರಿ. ಈ ಸೀಮೆಯನ್ನೆಲ್ಲ ತಿರುಗಿ ಬರೆದ ರಾಬರ್ಟ್ ಬ್ರೂಸ್ ಫುಟ್ ಸರಕಾರಿ ಭೂವಿಜ್ಞಾನಿ. 1951ರಲ್ಲಿ ಬರೆದ ಗಾರ್ಡನ್ ಸೈನ್ಯದ ಕರ್ನಲ್. ಇವರು ಬರೆದಿಟ್ಟದ್ದರಿಂದಲೇ ನಮ್ಮಂಥವರಿಗೆ ಇಷ್ಟಾದರೂ ಗೊತ್ತಾಯಿತು, ಆ ಋಣ ಮರೆಯುವುದಿಲ್ಲ. ಆದರೆ ಇವರನ್ನ ಗುಡ್ಡ ಹತ್ತಿಸಿದವರು ಯಾರು? ಕ್ಯಾಮರಾ ಹೊತ್ತವರು, ನೀರು ಹೊತ್ತವರು, ‘ಇಲ್ಲಿ ಬರ್‍ರಿ ದೊರೆ, ಈ ಬಂಡಿ ಹಿಂದ ಇನ್ನೂ ಅದಾವು’ ಅಂತ ಕೈ ತೋರಿದವರು? ಅವರು ದಾಖಲೆಗೆ ಬರಲಿಲ್ಲ. ಹಳೆಯ ಫೋಟೋಗಳು ಮಾಸಿದವು, ಕಳೆದವು. ಬರೆದ ದಾರಿ ಅರ್ಥವಾಗದೆ ಹೋಯಿತು. ತೋರಿಸಿದವರ ಊರು ಹೆಸರು ಬರೆದಿದ್ದರೆ ಅವರ ಮಕ್ಕಳನ್ನಾದರೂ ಕೇಳಬಹುದಿತ್ತು. ದೊರೆಯ ಕಾಗದ ಹರಿದ ಕೂಡಲೆ ಗುಡ್ಡವೇ ಇಲ್ಲವಾಯಿತು!

ಶಾಸನಗಳ ಪಾಡು ಹೀಗಾಗಲಿಲ್ಲ. ಮೈಸೂರು ಸೀಮೆಯಲ್ಲಿ ರೈಸ್ ಸಾಹೇಬರು ಒಂಬತ್ತು ಸಾವಿರದಷ್ಟು ಶಾಸನ ಸೇರಿಸಿ ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದರು. ಯಾವ ರಾಜ ಯಾರಿಗೆ ಎಷ್ಟು ಗದ್ದೆ ಉಂಬಳಿ ಬಿಟ್ಟ ಎನ್ನುವುದಕ್ಕೆ ಸಾಲು ಸಾಲು ಲೆಕ್ಕವಿದೆ. ಕನ್ನಡದ ಚರಿತ್ರೆಯನ್ನ ನಾವು ಹಲ್ಮಿಡಿಯ ಕಲ್ಲಿನಿಂದ ಶುರು ಮಾಡುತ್ತೇವೆ. ಅಕ್ಷರವಿದ್ದ ಕಲ್ಲು ಚರಿತ್ರೆ, ಅಕ್ಷರವಿಲ್ಲದ್ದು ‘ಪೂರ್ವ’. ಈ ‘ಪ್ರಾಗಿತಿಹಾಸ’ ಎಂಬ ಮಾತೇ ಅಕ್ಷರಸ್ಥರು ಕಟ್ಟಿದ ಹೊಸ್ತಿಲು.

ಇನ್ನು ಹೆಸರಿನ ವಿಚಾರ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಈ ಚಿತ್ರಗಳಿಗಿದ್ದ ಮಾತಿಗೆ ‘ಜಜ್ಜಿದ ಗಾಯ’ ಅಂತ ಅರ್ಥ. ನಮ್ಮವರು ಹೋಗಿ ಹೋಗಿ ‘ಶಿಲಾರೇಖಾಚಿತ್ರ’ ಅಂದರು. ಆ ಶಬ್ದ ಹೇಳುವಷ್ಟರಲ್ಲಿ ಕಲ್ಲೂ ಮರೆಯುತ್ತದೆ, ಕೈಯೂ ಮರೆಯುತ್ತದೆ. ನಡೆದಿರುವುದು ಏನು? ಒಂದು ಕಲ್ಲಿನಿಂದ ಇನ್ನೊಂದನ್ನ ಕುಟ್ಟಿದ್ದಾರೆ. ಕುಟ್ಟಿದ ಚಿತ್ರ ಅಂದರೆ ಸಾಕು. ಕುಟ್ಟುವುದು, ಬೀಸುವುದು ಅಂದಾಗ ಕನ್ನಡದಲ್ಲಿ ಹಾಡು ತಾನಾಗೇ ಬರುತ್ತದೆ. ನಮ್ಮ ತಾಯಂದಿರು ಒನಕೆ ಹಿಡಿದರೆ ಹಾಡಿಲ್ಲದೆ ಕೈ ಏಳುತ್ತಿರಲಿಲ್ಲ. ಕುಟ್ಟಿದರೆ ಹಾಡುವ ಕಲ್ಲು ಎಂಬುದು ಪಂಡಿತರಿಗೆ ವಿಸ್ಮಯ, ನಮಗೆ ಅಲ್ಲ. ಆ ಬಂಡೆಗಳನ್ನ ಊರವರು ನಾದದ ಕಲ್ಲು ಅಂತಲೇ ಕರೆಯುತ್ತಾರೆ ಎಂದು 2004ರ ಸುದ್ದಿಯಲ್ಲೇ ಇತ್ತು. ಅಲ್ಲಿಗೆ ಪತ್ತೆ ಮಾಡಿದ್ದು ಏನು?

ಈ ಸಲ ಗುಡ್ಡ ಹತ್ತಿದ ನಿಕೋಲ್ ಬೊಯ್ವಿನ್, ಧಾರವಾಡದ ರವಿ ಕೋರಿಶೆಟ್ಟರ ಜೊತೆಯವರು ಹಿಂದಿನವರಂತೆ ನೋಡಿ ಹೋದವರಲ್ಲ. ವರ್ಷಗಟ್ಟಲೆ ಕೂತು, ಅಗೆದು, ಜರಡಿ ಹಿಡಿದರು. ಮೂರೂವರೆ, ನಾಲ್ಕು ಸಾವಿರ ವರ್ಷದ ಹಿಂದೆ ಇಲ್ಲಿ ಬಾಳಿದವರು ಹುರುಳಿ, ಹೆಸರು, ಕೊರಲೆ ತಿನ್ನುತ್ತಿದ್ದರು ಅಂತ ಸುಟ್ಟ ಕಾಳುಗಳಿಂದ ಹೇಳಿದರು. ಈ ಕರೀ ಕಲ್ಲನ್ನೇ ಒಡೆದು ಹಿರೇಗುಡ್ಡದ ಮೇಲೆ ಕೊಡಲಿ ಮಾಡುವ ದೊಡ್ಡ ಕಮ್ಮಟವೇ ನಡೆದಿತ್ತು ಅಂತ ತೋರಿಸಿದರು. ದಾಖಲೆ ಅಂದರೆ ಇದು. ಚಿತ್ರ, ನಾದ, ಕೊಡಲಿ ಮೂರಕ್ಕೂ ಒಂದೇ ಕಲ್ಲು. ಕಲ್ಲು ಒಡೆಯುವ ನಮ್ಮ ಒಡ್ಡ ಬಂಧುಗಳು ಇಂದಿಗೂ ಸುತ್ತಿಗೆಯ ಏಟಿಗೆ ಕಿವಿಗೊಡುತ್ತಾರೆ: ಖಣಿಲ್ ಅಂದರೆ ಗಟ್ಟಿ, ಬೊದ್ದು ದನಿ ಬಂದರೆ ಒಳಗೆ ಬಿರುಕಿದೆ. ಅಂದಿನ ಕೊಡಲಿಯವನಿಗೂ ಕಲ್ಲಿನ ದನಿ ಮೊದಲು ಸಿಕ್ಕಿದ್ದು ಕೆಲಸದಲ್ಲೇ ಇರಬೇಕು, ಪೂಜೆಯಲ್ಲಿ ಅಲ್ಲ. ಇದು ನಮ್ಮ ಊಹೆ.

ಒಂದು ಮಾತು ಮಾತ್ರ ನಮಗೆ ಗಂಟಲಲ್ಲಿ ಇಳಿಯುವುದಿಲ್ಲ. ಚಿತ್ರಗಳಲ್ಲಿ ದನ ಮತ್ತು ಗಂಡಸರೇ ಹೆಚ್ಚು, ಆದ್ದರಿಂದ ಕುಟ್ಟಿದವರೂ ಗಂಡಸರೇ ಇರಬೇಕು ಎಂದು ಬೊಯ್ವಿನ್ ಬರೆದರು. ಇರಬಹುದು. ಆದರೆ ಈ ಗುಡ್ಡಗಳಲ್ಲಿ ಕಾಳು ಅರೆದ ಕುಳಿಗಳೂ ಇವೆ. ಕಲ್ಲಿಗೆ ಕಲ್ಲು ತಾಗಿಸಿ ದಿನವೆಲ್ಲ ಕೂತವರ ಕೈಗೆ ಕಲ್ಲಿನ ದನಿ ಗೊತ್ತಿರಲಿಲ್ಲವೆ? ಎತ್ತಿನ ಚಿತ್ರಕ್ಕೆ ‘ಕಲೆ’ ಎಂಬ ಹೆಸರು, ಹುರುಳಿ ಅರೆದ ಕುಳಿಗೆ ‘ಅಡಿಗೆ ಸಾಮಾನು’ ಎಂಬ ಹೆಸರು ಬಿದ್ದ ಮೇಲೆ ಎರಡನ್ನೂ ಒಟ್ಟಿಗೆ ಕೇಳುವ ಕಿವಿ ಹೋಯಿತು.

ದಾಖಲೆಯನ್ನ ಕೆಡಿಸುವವರು ಇಂಗ್ಲಿಷರೇ ಆಗಬೇಕಿಲ್ಲ. ಅದೇ ಜಿಲ್ಲೆಯ ಕುಡತಿನಿಯಲ್ಲಿ ದೊಡ್ಡ ಬೂದಿದಿಬ್ಬವಿದೆ. ಭೀಮ ಕೊಂದ ಹಿಡಿಂಬನ ಹೆಣ ಸುಟ್ಟ ಬೂದಿ ಅಂತ ಪುರಾಣ ಅಂಟಿಸಿದ್ದರು. ಇಂಥದೇ ದಿಬ್ಬವನ್ನ 1957ರಲ್ಲಿ ಉಟ್ನೂರಿನಲ್ಲಿ ಆಲ್ಚಿನ್ ಅಗೆಸಿದಾಗ ದನದ ಗೊರಸಿನ ಗುರುತು ಸಿಕ್ಕಿತು. ಅದು ದೊಡ್ಡಿಯಲ್ಲಿ ಕೂಡಿಬಿದ್ದ ಸಗಣಿ ಸುಟ್ಟ ಬೂದಿ. ದನ ಸಾಕಿದವರ ಗೊಬ್ಬರದ ದಿಬ್ಬವನ್ನ ರಾಕ್ಷಸನ ಹೆಣ ಮಾಡಿದ ಈ ಜಾಣತನ ನಮಗೆ ಹೊಸದಲ್ಲ.

ಹಾಗಂತ ಆ ಜನ ನಮ್ಮ ಕುಲದವರೇ ಅಂತ ಸಾಧಿಸುವ ಹಟವೂ ನಮಗಿಲ್ಲ. ನಾಲ್ಕು ಸಾವಿರ ವರ್ಷದ ಹಿಂದಿನ ಕೈಗೆ ಇವತ್ತಿನ ಕೇರಿಯ ಹೆಸರು ಕಟ್ಟುವುದು ಪುರಾಣದವರು ಮಾಡಿದ ಕೆಲಸವನ್ನೇ ತಿರುಗಿಸಿ ಮಾಡಿದಂತೆ. ಅವರು ದುಡಿದವರು ಎಂಬಷ್ಟಕ್ಕೆ ಗುಡ್ಡ ಸಾಕ್ಷಿ ಹೇಳುತ್ತದೆ. ಅಷ್ಟು ಸಾಕು.

ಆ ಸಾಕ್ಷಿಯೇ ಪುಡಿಯಾಗುತ್ತಿದೆ ಅಂತ 2004ರಲ್ಲೇ ಎಚ್ಚರಿಕೆ ಬಂತು. ಕಲ್ಲು ಕ್ವಾರಿಯಿಂದ ಗುಡ್ಡಕ್ಕೆ ಆಗಲೇ ಪೆಟ್ಟು ಬಿದ್ದಿತ್ತು, ಸರಕಾರ ಕೈ ಹಾಕದಿದ್ದರೆ ಉಳಿಯದು ಅಂದರು. ಇಂಥ ಸುದ್ದಿ ಓದುವಾಗೆಲ್ಲ ನಮ್ಮ ಪಟ್ಟಣದ ಸಜ್ಜನರು ‘ತಿಳಿಗೇಡಿ ಜನ ಚಿತ್ರ ಒಡೀತಾರೆ’ ಅಂತ ಮರುಗುತ್ತಾರೆ. ಸುತ್ತಿಗೆ ಹಿಡಿದವನಿಗೆ ಆ ಬಂಡೆಯಿಂದ ಅವತ್ತಿನ ಕೂಲಿ ಬಿಟ್ಟು ಇನ್ನೇನು ಸಿಕ್ಕಿತು? ಗುತ್ತಿಗೆ ಹಿಡಿದವರ ಹೆಸರು ಯಾವ ಪುರಾತತ್ವದ ಬರಹದಲ್ಲೂ ನಮಗೆ ಕಾಣಲಿಲ್ಲ. ಚಿತ್ರ ಉಳಿಸಿ ಅನ್ನುವವರು ಕೂಲಿಯವನಿಗೆ ಬೇರೆ ದುಡಿಮೆ ಯಾವುದು ಎಂದೂ ಹೇಳಬೇಕು.

ಇಂಗ್ಲೆಂಡಿನ ನಾರ್ತಂಬರ್‍ಲೆಂಡಿನಲ್ಲೂ ಇಂಥ ಗುಡ್ಡಗಳಿವೆ. ಅಲ್ಲಿನ ಬಂಡೆಗಳ ಮೇಲೆ ಎತ್ತುಗಳಿಲ್ಲ. ಬಟ್ಟಲಿನಂಥ ಕುಳಿ, ಅದರ ಸುತ್ತ ಬಳೆಯ ಮೇಲೆ ಬಳೆ ಕುಟ್ಟಿದ್ದಾರೆ. ಅವನ್ನ ಬಂಡೆಯಿಂದ ಬಂಡೆಗೆ ಹೋಗಿ, ಮೇಲೆ ಕಾಗದ ಹಾಸಿ ಉಜ್ಜಿ, ಹತ್ತಾರು ವರ್ಷ ಬರೆದಿಟ್ಟವರು ಸ್ಟಾನ್ ಬೆಕೆನ್ಸಾಲ್ ಎಂಬ ಶಾಲೆ ಮೇಷ್ಟ್ರು. ಇಲ್ಲಿ ಗುಡ್ಡ ‘ಸಿಕ್ಕ’ 2004ರಲ್ಲೇ ಅಲ್ಲಿ ಸುತ್ತಲಿನ ಸಾಮಾನ್ಯ ಜನರಿಗೆ ಅಳೆಯುವುದು, ಫೋಟೋ ತೆಗೆಯುವುದು ಕಲಿಸಿ, 2008ರವರೆಗೆ ಅವರ ಕೈಯಿಂದಲೇ ಬಂಡೆಗಳ ಪಟ್ಟಿ ಮಾಡಿಸಿದರು. ಬಳ್ಳಾರಿಯಲ್ಲಿ ಈಗ ಫುಟ್ ಮತ್ತು ಸಂಗನಕಲ್ಲಿನ ಹೆಸರಲ್ಲಿ ವಸ್ತುಸಂಗ್ರಹಾಲಯವಿದೆ, ಸಂತೋಷ. ಗಾಜಿನ ಪೆಟ್ಟಿಗೆ ನೋಡಲು ಕಪ್ಪಗಲ್ಲಿನ ಮಕ್ಕಳನ್ನ ಬಸ್ಸಲ್ಲಿ ಕರೆದೊಯ್ಯುವುದಕ್ಕಿಂತ, ಅವರ ಕೈಗೆ ಟೇಪು, ನೋಟ್‌ಬುಕ್ಕು ಕೊಟ್ಟು ಗುಡ್ಡಕ್ಕೆ ಕಳಿಸುವುದು ಕಷ್ಟದ ಕೆಲಸವೇ?

ನಮ್ಮ ತಪ್ಪೂ ಇದೆ. ಕಲ್ಲು ಒಡೆಯುವವನ ಮೇಲೆ ನಾವು ಬರೆದ ಪದ್ಯ ರಾಶಿ ಬಿದ್ದಿವೆ. ಅವನು ಕಲ್ಲಿನ ಬಗ್ಗೆ ಏನು ಬಲ್ಲ ಎಂದು ಕೇಳಿ ಬರೆದ ಒಂದು ಪುಟ ನಮ್ಮ ಹಳೇ ಸಂಚಿಕೆಗಳಲ್ಲಿ ಹುಡುಕಿದರೂ ಸಿಗಲಿಲ್ಲ. ಬಳ್ಳಾರಿ ಕಡೆಯ ಗೆಳೆಯರು ಆ ಕೆಲಸ ಎತ್ತಿಕೊಳ್ಳಲಿ. ಯಾವ ಬಂಡೆಗೆ ಊರವರು ಏನಂತಾರೆ, ಯಾವುದನ್ನ ಬಾರಿಸುತ್ತಾರೆ, ಯಾವಾಗ, ಯಾರು ಅಂತ ಅವರ ಮಾತಿನಲ್ಲೇ ಬರೆದು ಕಳಿಸಿ. ಭಾಷೆ ತಿದ್ದದೆ ಹಾಕುತ್ತೇವೆ. ಹೇಳಿದವರು ಒಪ್ಪಿದರೆ ಅವರ ಹೆಸರು ಮೇಲೆ, ಬರೆದವರದ್ದು ಕೆಳಗೆ.