ಅಂಕಿಯ ಹಿಂದಿನ ಅಂಗಳ

ಕರ್ನಾಟಕದ ಮಹಾರಾಜ ಟ್ರೋಫಿ ಟಿ20 ಟೂರ್ನಿಯ ಆಟಗಾರರ ಹರಾಜು ಮುಗಿದ ಮರುದಿನ ಪತ್ರಿಕೆಗಳಲ್ಲಿ ದಪ್ಪ ಅಕ್ಷರದಲ್ಲಿ ಬರುವುದು ಪಟ್ಟಿಯ ಮೇಲ್ತುದಿಯ ಹೆಸರುಗಳೇ: 2023ರಲ್ಲಿ ಶಿವಮೊಗ್ಗ ಲಯನ್ಸ್ 15 ಲಕ್ಷ ರೂಪಾಯಿಗೆ ಕೊಂಡ ಅಭಿನವ್ ಮನೋಹರ್, 2025ರಲ್ಲಿ ಹುಬ್ಬಳ್ಳಿ ಟೈಗರ್ಸ್ 13.20 ಲಕ್ಷಕ್ಕೆ ಪಡೆದ ದೇವದತ್ತ ಪಡಿಕ್ಕಲ್. ಇಂಥ ಆಟಗಾರರ ಯೋಗ್ಯತೆ ರಣಜಿ ಮತ್ತು ಐಪಿಎಲ್ ಪಂದ್ಯಗಳಲ್ಲಿ ಈಗಾಗಲೇ ಸಾಬೀತಾಗಿರುವುದರಿಂದ ಅವರನ್ನು ಆರಿಸಲು ಹಣವಿದ್ದರೆ ಸಾಕು. ಕಣ್ಣು ಬೇಕಾಗುವುದು ಪಟ್ಟಿಯ ಕೆಳತುದಿಯಲ್ಲಿ, ಮೂಲಬೆಲೆಗೆ ಸದ್ದಿಲ್ಲದೆ ತಂಡ ಸೇರುವ ಹತ್ತೊಂಬತ್ತು ಇಪ್ಪತ್ತರ ಹುಡುಗರ ವಿಷಯದಲ್ಲಿ. ಅದರಲ್ಲಿಯೂ ತಂಡಗಳು ತಮ್ಮ ಹೆಸರಿನ ಸೀಮೆಯಿಂದ ಆರಿಸಿಕೊಳ್ಳುವ, ಆಟದ ಪರಿಭಾಷೆಯಲ್ಲಿ ‘ಕ್ಯಾಚ್‌ಮೆಂಟ್’ ಆಟಗಾರರು ಎನಿಸಿಕೊಳ್ಳುವವರ ವಿಷಯದಲ್ಲಿ. ಗುಲ್ಬರ್ಗ ಮಿಸ್ಟಿಕ್ಸ್ ಎಂಬ ಹೆಸರು ಹೊತ್ತ ತಂಡಕ್ಕೆ ಆ ಸೀಮೆಯೆಂದರೆ ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಮತ್ತು ಭಂಕೂರದ ಹುಡುಗರು ಆಡಿ ಬೆಳೆಯುವುದು ಅದರ ಎಲ್ಲೆಯೊಳಗೆ. ಆ ಹುಡುಗರನ್ನು ಅಳೆಯುವ ಬಗೆ ಯಾವುದು ಎಂಬುದು ಈ ವಾರದ ವಿಷಯ.

2022ರಲ್ಲಿ ಟೂರ್ನಿ ಆರಂಭವಾದಾಗ ಆಟಗಾರರ ಹಂಚಿಕೆ ನಡೆದದ್ದು ಹರಾಜಿನ ಮೂಲಕವಲ್ಲ, ಡ್ರಾಫ್ಟ್ ಮೂಲಕ. ಡ್ರಾಫ್ಟ್ ಎಂದರೆ ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರನ್ನೇ ಆರಿಸಿಕೊಳ್ಳುವ ಪದ್ಧತಿ. 5 ಲಕ್ಷದಿಂದ 50 ಸಾವಿರದವರೆಗಿನ ನಾಲ್ಕು ದರ್ಜೆಗಳಲ್ಲಿ ಬೆಲೆ ಮೊದಲೇ ಗೊತ್ತಾಗಿದ್ದುದರಿಂದ ಹೆಚ್ಚು ಹಣ ಕೂಗಿ ಆಟಗಾರನನ್ನು ಸೆಳೆದುಕೊಳ್ಳುವ ದಾರಿ ಅಲ್ಲಿರಲಿಲ್ಲ, ತಂಡಗಳ ನಡುವಿನ ಪೈಪೋಟಿ ಪೂರ್ತಿಯಾಗಿ ತೀರ್ಮಾನದ ಪೈಪೋಟಿಯಾಗಿತ್ತು. ಆ ವರ್ಷ ಮನೀಶ್ ಪಾಂಡೆ ನಾಯಕತ್ವದ ಗುಲ್ಬರ್ಗ ತಂಡ ಫೈನಲ್‌ನಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು 11 ರನ್‌ಗಳಿಂದ ಸೋಲಿಸಿ ಮೊದಲ ಟ್ರೋಫಿಯನ್ನು ಎತ್ತಿಕೊಂಡಿತು. ಮರುವರ್ಷ ಹರಾಜು ಬಂದಿತು, ಅದರೊಂದಿಗೆ ಸುದ್ದಿಯೂ ಸಂಭ್ರಮವೂ ಬಂದವು; ಆಟಗಾರನನ್ನು ಓದುವ ಕಲೆಗೆ ಅದರಿಂದ ನಷ್ಟವೇ ಆಯಿತೆಂಬುದು ಈ ಅಂಕಣದ ದೃಢ ಅಭಿಪ್ರಾಯ.

ಡ್ರಾಫ್ಟನ್ನು ಶಾಸ್ತ್ರದ ಮಟ್ಟಕ್ಕೆ ಬೆಳೆಸಿದ್ದು ಅಮೆರಿಕದ ಬೇಸ್‌ಬಾಲ್. 1965ರಿಂದ ಅಲ್ಲಿ ನಡೆದುಬಂದಿರುವ ಈ ವಾರ್ಷಿಕ ಆಯ್ಕೆಯಲ್ಲಿ ಹಿಂದಿನ ವರ್ಷ ಸೋತ ತಂಡಗಳಿಗೆ ಮೊದಲ ಸರದಿ ದೊರೆಯುವುದೇ ಆರಂಭದ ನಿಯಮವಾಗಿತ್ತು. ಊರೂರು ಸುತ್ತಿ ಹುಡುಗರ ಆಟ ನೋಡಿ ವರದಿ ಬರೆಯುವ ಅಲ್ಲಿನ ಸ್ಕೌಟ್‌ಗಳು ಚೆಂಡನ್ನು ಬ್ಯಾಟಿಗೆ ತಂದುಕೊಳ್ಳುವ ಹದ, ಹೊಡೆತದ ಬಲ, ಓಟ, ಕ್ಷೇತ್ರರಕ್ಷಣೆ, ಎಸೆತ ಎಂಬ ಐದು ಗುಣಗಳಿಗೆ 20ರಿಂದ 80ರವರೆಗಿನ ಅಳತೆಯಲ್ಲಿ ಅಂಕ ಕೊಡುತ್ತಾರೆ. 50 ಎಂದರೆ ಉನ್ನತ ದರ್ಜೆಯ ಸರಾಸರಿ ಆಟಗಾರನ ಮಟ್ಟ. ಈ ಪದ್ಧತಿಯ ಜಾಣತನವಿರುವುದು ಪ್ರತಿ ಗುಣಕ್ಕೂ ಎರಡು ಅಂಕಗಳನ್ನು, ಅಂದರೆ ಇಂದಿನದನ್ನೊಂದು ಮತ್ತು ಮುಂದೆ ತಲುಪಬಹುದಾದುದನ್ನೊಂದು, ಬೇರೆಬೇರೆಯಾಗಿ ಬರೆಯುವುದರಲ್ಲಿ. ಇಂದು 35 ಪಡೆದವನು ಮುಂದೆ 60 ಆಗಬಲ್ಲನು, ಇಂದು 50 ಇರುವವನು ಅಲ್ಲಿಯೇ ನಿಲ್ಲಬಲ್ಲನು ಎಂಬ ವಿವೇಕ ಆ ಎರಡನೆಯ ಅಂಕದಲ್ಲಿದೆ. ಕರ್ನಾಟಕದ ಹರಾಜಿನ ಚರ್ಚೆಗಳಲ್ಲಿ ಕಾಣುವುದು ಮೊದಲನೆಯ ಅಂಕ ಮಾತ್ರ.

ರಾಯಚೂರಿನ ಮನೋಜ್ ಭಾಂಡಗೆಯ ಉದಾಹರಣೆ ಇಲ್ಲಿ ಹೊಂದುತ್ತದೆ. ಎಡಗೈಯಲ್ಲಿ ಬ್ಯಾಟ್ ಬೀಸುವ, ಬಲಗೈಯಲ್ಲಿ ಮಧ್ಯಮ ವೇಗದ ಚೆಂಡೆಸೆಯುವ ಈ ಆಟಗಾರನನ್ನು ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ 2022ರ ಕೊನೆಯ ಹರಾಜಿನಲ್ಲಿ 20 ಲಕ್ಷಕ್ಕೂ ಎರಡು ವರ್ಷಗಳ ಅನಂತರದ ದೊಡ್ಡ ಹರಾಜಿನಲ್ಲಿ 30 ಲಕ್ಷಕ್ಕೂ ಕೊಂಡಿತು. ಆ ಕಾಲದ ಅವನ ಆಟವನ್ನು ಅಮೆರಿಕದ ಅಳತೆಯಲ್ಲಿ ತೂಗಿದರೆ ಹೊಡೆತದ ಬಲಕ್ಕೆ 60, ಚೆಂಡನ್ನು ಬ್ಯಾಟಿಗೆ ತಂದುಕೊಳ್ಳುವ ಹದಕ್ಕೆ 45, ಬೌಲಿಂಗ್‌ಗೆ 45 ಕೊಡುವುದು ನ್ಯಾಯವೆನಿಸುತ್ತದೆ. ಒಟ್ಟು ಕೂಡಿಸಿದರೆ ಸಾಧಾರಣವೆನಿಸುವ ಈ ಅಂಕಗಳ ನಡುವೆ ಆ 60 ಎದ್ದು ನಿಲ್ಲುವುದರಿಂದಲೇ ಕೊನೆಯ ನಾಲ್ಕು ಓವರ್‌ಗಳಿಗೆ ಆಟಗಾರರನ್ನು ಹುಡುಕುವ ತಂಡವೊಂದು ಅವನನ್ನು ಎರಡನೆಯ ಸಲವೂ ಕೊಂಡಿತು. ಸರಾಸರಿ ನೋಡುವವರಿಗೆ ಇದು ತಿಳಿಯುವುದಿಲ್ಲ.

ಆಟಗಾರನ ಮೈಕಟ್ಟು ನೋಡಿ ಭವಿಷ್ಯ ನುಡಿಯುವ ಪಂಥದೊಂದಿಗೆ ಈ ಅಂಕಣದ ಜಗಳ ಹಳೆಯದು, ನಿಯಮಿತ ಓದುಗರು ಅದನ್ನು ಬಲ್ಲರು. ಆ ಪಂಥದ ವಿರುದ್ಧ ಬರೆಯಲಾದ ಅತ್ಯುತ್ತಮ ಪುಸ್ತಕ ಮೈಕೆಲ್ ಲೂಯಿಸ್ 2003ರಲ್ಲಿ ಪ್ರಕಟಿಸಿದ ‘ಮನಿಬಾಲ್’. ಬಡ ತಂಡವಾಗಿದ್ದ ಓಕ್ಲೆಂಡ್ ಅಥ್ಲೆಟಿಕ್ಸ್‌ನ ವ್ಯವಸ್ಥಾಪಕ ಬಿಲ್ಲಿ ಬೀನ್ 2002ರ ಡ್ರಾಫ್ಟ್‌ಗೆ ಮೊದಲು ತನ್ನ ಸ್ಕೌಟ್‌ಗಳೊಂದಿಗೆ ನಡೆಸಿದ ವಾದ ಅದರ ತಿರುಳು. ಅಲಬಾಮಾ ವಿಶ್ವವಿದ್ಯಾಲಯದ ಜೆರೆಮಿ ಬ್ರೌನ್ ಎಂಬ ದಪ್ಪ ದೇಹದ ಕ್ಯಾಚರ್‌ನನ್ನು ಮೊದಲ ಸುತ್ತಿನಲ್ಲಿ ಆರಿಸುವುದೆಂದರೆ ಹಿರಿಯ ಸ್ಕೌಟ್‌ಗಳಿಗೆ ಅಸಂಬದ್ಧವೆನಿಸಿತು, ಏಕೆಂದರೆ ಅವನು ಕ್ರೀಡಾಪಟುವಿನಂತೆ ಕಾಣುತ್ತಿರಲಿಲ್ಲ. ಬೀನ್ ನೋಡಿದ್ದು ಅವನು ಕಾಲೇಜು ಆಟದಲ್ಲಿ ಗಳಿಸಿದ್ದ 300 ಹಿಟ್ ಮತ್ತು 200 ‘ವಾಕ್’ಗಳನ್ನು. ವಾಕ್ ಎಂದರೆ ಎದುರಾಳಿ ಗುರಿ ತಪ್ಪಿ ಎಸೆದ ನಾಲ್ಕು ಚೆಂಡುಗಳನ್ನು ತಾಳ್ಮೆಯಿಂದ ಬಿಟ್ಟು ಬ್ಯಾಟುಗಾರ ಪಡೆಯುವ ಉಚಿತ ಬೇಸ್; ಕೆಟ್ಟ ಚೆಂಡನ್ನು ಕೆಟ್ಟದೆಂದು ಗುರುತಿಸುವ ಕಣ್ಣಿನ ದಾಖಲೆ ಅದು. ಬ್ರೌನ್‌ನನ್ನು ಓಕ್ಲೆಂಡ್ 35ನೆಯ ಆಯ್ಕೆಯಾಗಿ ತೆಗೆದುಕೊಂಡಿತು. ಅವನು ಉನ್ನತ ದರ್ಜೆಯಲ್ಲಿ ಆಡಿದ್ದು ಐದೇ ಪಂದ್ಯ. ಅದೇ ಡ್ರಾಫ್ಟ್‌ನಲ್ಲಿ 16ನೆಯವನಾಗಿ ಬಂದ ನಿಕ್ ಸ್ವಿಷರ್ ಆದರೋ ಅಲ್ಲಿ ದೀರ್ಘಕಾಲ ಆಡಿದ. ಪುಸ್ತಕದ ವಿರೋಧಿಗಳು ಈ ಐದು ಪಂದ್ಯಗಳನ್ನು ಇಂದಿಗೂ ಎತ್ತಿ ತೋರಿಸುತ್ತಾರೆ, ಆದರೆ ಕೇಳಬೇಕಾದ ಪ್ರಶ್ನೆ ಬ್ರೌನ್ ಗೆದ್ದನೇ ಎಂಬುದಲ್ಲ, ಅವನನ್ನು ಬೇಡವೆಂದವರ ಕಾರಣ ಸರಿಯಿತ್ತೇ ಎಂಬುದು. 1988ರಲ್ಲಿ 62ನೆಯ ಸುತ್ತಿನಲ್ಲಿ, 1390ನೆಯ ಹೆಸರಾಗಿ ಆಯ್ಕೆಯಾದ ಮೈಕ್ ಪಿಯಾಜ಼ಾ 2016ರಲ್ಲಿ ಬೇಸ್‌ಬಾಲ್‌ನ ಕೀರ್ತಿಭವನ ಸೇರಿದನೆಂಬುದನ್ನು ಮೈಕಟ್ಟಿನ ಪಂಥದವರು ನೆನಪಿಡುವುದು ಕಡಿಮೆ. ಕನ್ನಡನಾಡಿಗೆ ಈ ಪಾಠ ಕಲಿಯಲು ಅಮೆರಿಕದವರೆಗೆ ಹೋಗುವ ಅಗತ್ಯವೂ ಇರಲಿಲ್ಲ: ಭದ್ರಾವತಿಯ ಜಿ.ಆರ್. ವಿಶ್ವನಾಥ್ ಬಾಲ್ಯದಲ್ಲಿ ಕುಳ್ಳು, ಕೃಶ ಎಂಬ ಕಾರಣಕ್ಕೆ ಶಾಲಾ ಮಟ್ಟದ ಆಯ್ಕೆಯಲ್ಲಿ ಉಳಿಯಲಿಲ್ಲ. 1967ರಲ್ಲಿ ಆಂಧ್ರದ ವಿರುದ್ಧ ತಮ್ಮ ಮೊದಲ ರಣಜಿ ಪಂದ್ಯದಲ್ಲಿಯೇ 230 ಹೊಡೆದರು, 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟ್‌ನಲ್ಲಿ ಸೊನ್ನೆಯ ಬೆನ್ನಿಗೆ 137 ಹೊಡೆದರು.

ಗುಲ್ಬರ್ಗ ತಂಡದ ಹೊಸ ಹುಡುಗರಿಗೆ ಇದೇ ಅಳತೆಯಲ್ಲಿ ಅಂಕ ಹಂಚುವುದು ಇಲ್ಲಿಂದ ಮುಂದಿನ ಹೆಜ್ಜೆಯಾಗಬೇಕಿತ್ತಾದರೂ, ಅಂಕ ಹಾಕುವ ಮೊದಲು ತೀರ್ಮಾನವಾಗಬೇಕಾದ ವಿಷಯವೊಂದು ಎದುರಿಗಿದೆ: ಹುಡುಗನ ಅಂಕಿಗಳು ಎಂಥ ಬ್ಯಾಟು, ಚೆಂಡು, ಅಂಗಳದಿಂದ ಬಂದವು ಎಂಬುದು. ಅದು ಹೆಚ್ಚು ಮುಖ್ಯವಾದುದರಿಂದ ಉಳಿದ ಸ್ಥಳ ಅದಕ್ಕೇ ಸಲ್ಲಬೇಕು. ಅಮೆರಿಕದ ಕಾಲೇಜುಗಳಲ್ಲಿ 1974ರಿಂದ ಅಲ್ಯೂಮಿನಿಯಂ ಬ್ಯಾಟ್‌ಗಳಿಗೆ ಅನುಮತಿ ದೊರೆಯಿತು, ವೃತ್ತಿಪರ ಆಟದಲ್ಲಿ ಮಾತ್ರ ಮರದ ಬ್ಯಾಟೇ ಉಳಿಯಿತು. ಲೋಹದ ಬ್ಯಾಟ್ ಹಗುರ, ಅದರ ಪುಟಿತ ಹೆಚ್ಚು, ಚೆಂಡು ಬ್ಯಾಟಿನ ಕತ್ತಿಗೆ ತಗುಲಿದರೂ ದೂರ ಹಾರುತ್ತದೆ. ಮರದ ಬ್ಯಾಟಿನಲ್ಲಿ ಅದೇ ತಪ್ಪಿಗೆ ಬ್ಯಾಟ್ ಮುರಿದು ಆಟಗಾರ ಔಟಾಗುತ್ತಾನೆ. ಹೀಗೆ ಕಾಲೇಜಿನ ಅಂಕಿಗಳು ಸುಳ್ಳಾಗದಿದ್ದರೂ ಅರ್ಧಸತ್ಯವಾದವು. ಇದಕ್ಕೆ ಸ್ಕೌಟ್‌ಗಳು ಕಂಡುಕೊಂಡ ಉತ್ತರ ಮ್ಯಾಸಚೂಸೆಟ್ಸ್ ಕಡಲತೀರದ ಕೇಪ್ ಕಾಡ್ ಬೇಸಿಗೆ ಲೀಗ್. 1985ರಲ್ಲಿ ಅದು ಮರದ ಬ್ಯಾಟಿಗೆ ಮರಳಿತು, ಅಂದಿನಿಂದ ಕಾಲೇಜು ಆಟಗಾರರನ್ನು ಮರದ ಬ್ಯಾಟಿನೊಂದಿಗೆ ನೋಡಬಯಸುವ ತಂಡಗಳಿಗೆ ಅದೊಂದು ಪರೀಕ್ಷಾಂಗಣವಾಯಿತು.

ಭಂಕೂರ, ಶಹಾಬಾದ್, ವಾಡಿಗಳ ಹುಡುಗರಿಗೆ ಲೋಹದ ಬ್ಯಾಟಿನ ಜಾಗದಲ್ಲಿರುವುದು ಟೆನ್ನಿಸ್ ಚೆಂಡು. ಬೇಸಿಗೆ ರಜೆಯಲ್ಲಿ, ಜಯಂತಿ ಜಾತ್ರೆಗಳ ನೆಪದಲ್ಲಿ ಈ ಭಾಗದಲ್ಲಿ ನಡೆಯುವ ಟೂರ್ನಿಗಳ ಆಟ ಹೆಚ್ಚಾಗಿ ಅದರದ್ದೇ. ಟೆನ್ನಿಸ್ ಚೆಂಡಿನ ತೂಕ 60 ಗ್ರಾಂ ಮುಟ್ಟುವುದಿಲ್ಲ, ಚರ್ಮದ ಚೆಂಡಿನದು 155 ಗ್ರಾಂ ದಾಟುತ್ತದೆ. ಹಗುರವಾದ ಚೆಂಡು ನೆಲಕ್ಕೆ ಬಿದ್ದೊಡನೆ ವೇಗ ಕಳೆದುಕೊಂಡು ಎತ್ತರಕ್ಕೆ ಪುಟಿಯುತ್ತದೆ, ಹೊಲಿಗೆಯಿಲ್ಲದುದರಿಂದ ನೆಲ ಕಚ್ಚಿ ಆಚೀಚೆ ಹೊರಳುವುದಿಲ್ಲ. ಆದ್ದರಿಂದ ಮುಂಗಾಲು ತೆರೆದು ನಿಂತು, ಚೆಂಡು ಎದೆಮಟ್ಟಕ್ಕೆ ಬರುವವರೆಗೆ ಕಾದು, ಮಿಡ್ ವಿಕೆಟ್ ಮೇಲೆ ಅಡ್ಡ ಬೀಸುವುದು ಅಲ್ಲಿ ತಪ್ಪಲ್ಲ, ಜಾಣತನ. ಆ ಬೀಸು ಕಲಿತವನು ಟರ್ಫ್ ಪಿಚ್‌ನಲ್ಲಿ, ಅಂದರೆ ಹುಲ್ಲಿನ ಬೇರು ಹಿಡಿದು ರೋಲರ್‌ನಿಂದ ಗಟ್ಟಿಗೊಳಿಸಿದ ಮಣ್ಣಿನ ಪಟ್ಟಿಯಲ್ಲಿ, 135 ಕಿಲೋಮೀಟರ್ ವೇಗದ ಚರ್ಮದ ಚೆಂಡನ್ನು ಎದುರಿಸಿದಾಗ ಚೆಂಡು ಮೊಣಕಾಲಿನ ಮಟ್ಟದಲ್ಲಿ ಜಾರಿ ಪ್ಯಾಡಿಗೆ ಬಡಿಯುತ್ತದೆ. ಇನ್ನೊಂದೆಡೆ ಇದೇ ಆಟ ಬೌಲರನಿಗೆ ಅಮೂಲ್ಯವಾದ ಕೌಶಲವೊಂದನ್ನು ಕೊಡುತ್ತದೆ: ಹೊಲಿಗೆಯ ನೆರವಿಲ್ಲದೆ ಬ್ಯಾಟುಗಾರನನ್ನು ಕಟ್ಟಿಹಾಕಲು ಅವನಿಗಿರುವುದು ಯಾರ್ಕರ್ ಮತ್ತು ವೇಗದ ಏರಿಳಿತ ಎರಡೇ ಆದ್ದರಿಂದ ಅವೆರಡೂ ಅವನ ಕೈಗೆ ಬೇಗ ಹತ್ತುತ್ತವೆ. ಬ್ಯಾಟುಗಾರನ ಟೆನ್ನಿಸ್ ಚೆಂಡಿನ ಅಂಕಿಯನ್ನು ಇಳಿಸಿ ಓದಬೇಕು, ಬೌಲರನದನ್ನು ಏರಿಸಿ ಓದಬೇಕು. ಹರಾಜಿನ ಮೇಜಿನಲ್ಲಿ ಎರಡನ್ನೂ ಒಂದೇ ರೀತಿ ಓದಲಾಗುತ್ತಿದೆ.

ಚರ್ಮದ ಚೆಂಡಿನ ಆಟದಲ್ಲಿಯೂ ಜಿಲ್ಲೆಗಳಲ್ಲಿ ಬಹುಕಾಲ ನಡೆದದ್ದು ಮ್ಯಾಟಿಂಗ್, ಅಂದರೆ ಗಟ್ಟಿ ನೆಲದ ಮೇಲೆ ನಾರಿನ ಚಾಪೆ ಬಿಗಿದು ಆಡುವ ಪದ್ಧತಿ. ಚಾಪೆಯ ಮೇಲೆ ಚೆಂಡು ಕಚ್ಚಿ ತಿರುಗುತ್ತದೆ, ನಂಬಬಹುದಾದಂತೆ ಒಂದೇ ಎತ್ತರಕ್ಕೆ ಪುಟಿಯುತ್ತದೆ. ಹಿಂಗಾಲಿನ ಆಟ, ಕಟ್ ಹೊಡೆತ ಅದರ ಕೊಡುಗೆ, ಮುಂಗಾಲು ಚಾಚಿ ಚೆಂಡಿನ ಮೇಲೆ ಬಾಗುವ ಅಭ್ಯಾಸದ ಕೊರತೆ ಅದರ ಶಾಪ. ಶಹಾಬಾದಿನ ಖಣಿಯಲ್ಲಿ ಫರ್ಸಿ ಕಲ್ಲನ್ನು ಪದರ ನೋಡಿ ಎಬ್ಬಿಸುವವರಂತೆ, ಹುಡುಗನ ಆಟದಲ್ಲಿ ಟೆನ್ನಿಸ್ ಚೆಂಡಿನ ಪದರ ಯಾವುದು, ಚಾಪೆಯ ಪದರ ಯಾವುದು, ಅವನದೇ ಆದ ಪದರ ಯಾವುದು ಎಂದು ಬಿಡಿಸಿ ನೋಡಬಲ್ಲ ಆಯ್ಕೆಗಾರ ಈ ವಲಯಕ್ಕೆ ಬೇಕು.

ಸಿಕ್ಸರ್ ಎಣಿಸುವ ಪಂಥಕ್ಕೆ ಉತ್ತರವಾಗಿ ಗುಲ್ಬರ್ಗ ತಂಡದ್ದೇ ನಿದರ್ಶನವಿದೆ. 2024ರ ಆಗಸ್ಟ್‌ನಲ್ಲಿ ಮೈಸೂರು ವಾರಿಯರ್ಸ್ ವಿರುದ್ಧ ಆರ್. ಸ್ಮರಣ್ ಶತಕ ಹೊಡೆದಾಗ ಬೌಂಡರಿಗಳನ್ನು ಮಾತ್ರ ಲೆಕ್ಕವಿಟ್ಟವರಿಗೆ ಅವನು ಮತ್ತೊಬ್ಬ ಟಿ20 ಹೊಡೆತಗಾರ. ಐದು ತಿಂಗಳ ಅನಂತರ ಅದೇ ಎಡಗೈ ಆಟಗಾರ ವಿಜಯ್ ಹಜಾರೆ ಟ್ರೋಫಿ ಫೈನಲ್‌ನಲ್ಲಿ ವಿದರ್ಭದ ವಿರುದ್ಧ 101, ಅದರ ಬೆನ್ನಿಗೇ ರಣಜಿಯಲ್ಲಿ ಪಂಜಾಬ್ ವಿರುದ್ಧ 203 ಗಳಿಸಿದ. ಬೌಂಡರಿಗಳ ನಡುವಿನ ಚೆಂಡುಗಳನ್ನು ಅವನು ಹೇಗೆ ಆಡುತ್ತಾನೆ ಎಂದು ನೋಡಿದವರಿಗೆ ಆ ದ್ವಿಶತಕ ಆಶ್ಚರ್ಯ ತಂದಿರಲಾರದು. ಆದರೆ ಸ್ಮರಣ್ ಬೆಂಗಳೂರಿನ ಹುಡುಗ, ಟರ್ಫ್ ಮೇಲೆ ಬೆಳೆದವನು. ಅವನ ಅಂಕಿಗಳನ್ನು ತಿದ್ದಿ ಓದುವ ಅಗತ್ಯವಿರಲಿಲ್ಲ. ಈ ವಲಯದ ಹುಡುಗರಿಗೆ ಬೇಕಾಗುವುದು ಸಮಯ. ರಾಯಚೂರಿನಿಂದ ಬಂದ ಯೆರೇಗೌಡ ರೈಲ್ವೇಸ್ ಪರವಾಗಿ ವರ್ಷಗಟ್ಟಲೆ ಆಡಿದರು, ನೂರಕ್ಕೂ ಹೆಚ್ಚು ಪ್ರಥಮ ದರ್ಜೆಯ ಪಂದ್ಯಗಳ ಆಟಗಾರರಾದರು. ವಾಡಿಯಂಥ ಜಂಕ್ಷನ್ ಇರುವ ಸೀಮೆಗೆ ರೈಲ್ವೆ ಕ್ರೀಡಾ ಕೋಟಾದ ನೌಕರಿಯ ಬೆಲೆ ಗೊತ್ತಿದೆ. ತಾಳ್ಮೆಯೇ ಮುಖ್ಯ ಗುಣವಾಗಿದ್ದ ಬ್ಯಾಟುಗಾರನನ್ನು ಅರಳಲು ಬಿಟ್ಟದ್ದು ಆ ನೌಕರಿ ಕೊಟ್ಟ ಸಮಯ.

ಮಹಾರಾಜ ಟ್ರೋಫಿ 2025ರವರೆಗೆ ನಡೆದದ್ದು ಮೈಸೂರು ಮತ್ತು ಬೆಂಗಳೂರುಗಳಲ್ಲಿ: 2022ರಲ್ಲಿ ಎರಡೂ ಕಡೆ, 2023 ಮತ್ತು 2024ರಲ್ಲಿ ಬೆಂಗಳೂರು, 2025ರಲ್ಲಿ ಮೈಸೂರು. ಟೂರ್ನಿಯನ್ನು ಕಲಬುರಗಿಗೆ ತರುವ ಬೇಡಿಕೆಗಿಂತ ಮೊದಲು ಮುಂದಿಡಬೇಕಾದ ಬೇಡಿಕೆ ಈ ವಲಯಕ್ಕೊಂದು ಕೇಪ್ ಕಾಡ್. ಹರಾಜಿಗೆ ಮೊದಲು, ಬಿಸಿಲು ನಲವತ್ತು ಡಿಗ್ರಿ ದಾಟುವ ಏಪ್ರಿಲ್ ಮೇ ತಿಂಗಳುಗಳನ್ನು ಬಿಟ್ಟು ಚಳಿಗಾಲದಲ್ಲಿ, ವಲಯದ ಹುಡುಗರನ್ನು ಟರ್ಫ್ ಮೇಲೆ, ಚರ್ಮದ ಚೆಂಡಿನಲ್ಲಿ, ರಾಜ್ಯದ ಎರಡನೆಯ ಸಾಲಿನ ಬೌಲರ್‌ಗಳ ಎದುರು ಎರಡು ವಾರ ಆಡಿಸಿ, ಆರೂ ತಂಡಗಳ ಆಯ್ಕೆಗಾರರು ನೋಡುವಂತೆ ಮಾಡಬೇಕು. ಇದಕ್ಕೆ ತಗಲುವ ವೆಚ್ಚ ಹರಾಜಿನ ಅಗ್ರ ಹೆಸರೊಂದರ ಬೆಲೆಗಿಂತ ಬಹಳ ಹೆಚ್ಚಾಗಲಾರದು.

ಅದು ನಡೆಯುವವರೆಗೆ ಕನಿಷ್ಠ ಒಂದು ತಿದ್ದುಪಡಿ ಸಾಧ್ಯ. ಬೇಸ್‌ಬಾಲ್ ಸ್ಕೌಟ್‌ಗಳು ವಯಸ್ಸಿಗೆ ಬಹಳ ಬೆಲೆ ಕೊಡುತ್ತಾರೆ. 2009ರ ಡ್ರಾಫ್ಟ್‌ನಲ್ಲಿ 25ನೆಯವನಾಗಿ ಆಯ್ಕೆಯಾದ ಮೈಕ್ ಟ್ರೌಟ್‌ಗೆ ಆಗ 17 ವರ್ಷ, ಮುಂದೆ ಬೆಳೆಯಲು ಅವನಿಗಿದ್ದ ಅವಕಾಶದ ಅಂದಾಜಿನಲ್ಲಿ ಆ ಎಳೆಯ ವಯಸ್ಸಿಗೂ ಪಾಲಿತ್ತು. ಆದರೆ ಎಂಟನೆಯ ವಯಸ್ಸಿಗೆ ಬೆಂಗಳೂರಿನ ಅಕಾಡೆಮಿ ಸೇರಿದವನನ್ನೂ ಹದಿನಾರಕ್ಕೆ ಮೊದಲ ಸಲ ಚರ್ಮದ ಚೆಂಡು ಮುಟ್ಟಿದ ಚಿಂಚೋಳಿಯವನನ್ನೂ ಇಪ್ಪತ್ತರ ಸಮವಯಸ್ಕರೆಂದು ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಹೋಲಿಕೆ ನಡೆಯುವುದು ಹನ್ನೆರಡು ವರ್ಷದ ಅಭ್ಯಾಸಕ್ಕೂ ನಾಲ್ಕು ವರ್ಷದ ಅಭ್ಯಾಸಕ್ಕೂ. ಇಬ್ಬರ ಸರಾಸರಿಯೂ ಒಂದೇ ಇದ್ದರೆ ಎರಡನೆಯವನ ಭವಿಷ್ಯದ ಅಂಕ ಹೆಚ್ಚಾಗಬೇಕು, ಬೆಲೆಯೂ ಹೆಚ್ಚಾಗಬೇಕು. ಹರಾಜಿಗೆ ಸಿದ್ಧಪಡಿಸುವ ಆಟಗಾರರ ಪಟ್ಟಿಯಲ್ಲಿ ಹುಟ್ಟಿದ ದಿನಾಂಕದ ಪಕ್ಕದಲ್ಲಿಯೇ ಚರ್ಮದ ಚೆಂಡಿನಲ್ಲಿ ಆಡಲಾರಂಭಿಸಿದ ವರ್ಷವನ್ನು ಮುದ್ರಿಸಲು ರಾಜ್ಯ ಸಂಸ್ಥೆಗೆ ಒಂದು ಸುತ್ತೋಲೆ ಸಾಕು.