ಶಿವಗಂಗೆಯ ತುದಿಯಲ್ಲಿ ಎರಡು ಪಕ್ಷ

ಶಾಂತಲೆ ಶಿವಗಂಗೆಯ ಬೆಟ್ಟದಿಂದ ಹಾರಿಕೊಂಡಳೋ ಇಲ್ಲವೋ? ಕಾದಂಬರಿ ಓದುವ ನಾಲ್ಕು ಮಂದಿ ಸೇರಿದ ಕಡೆ ಈ ಪ್ರಶ್ನೆ ಎತ್ತಿ ನೋಡಿ, ಕಾಫಿ ಆರುವುದರೊಳಗೆ ಎರಡು ಪಕ್ಷ ಆಗಿರುತ್ತದೆ. ಒಂದು ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಪಕ್ಷ. ಇನ್ನೊಂದು ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ಪಕ್ಷ. ಹೊಯ್ಸಳ ವಿಷ್ಣುವರ್ಧನನ ಇದೇ ರಾಣಿಯ ಮೇಲೆ ಬೇರೆ ಕಾದಂಬರಿಗಳೂ ಬಂದಿವೆ. ಆದರೆ ಜಗಳ ಮಾತ್ರ ಈ ಎರಡರ ನಡುವೆಯೇ.

ಅಯ್ಯರ್ ಪಕ್ಷದವರು ಹೆಚ್ಚು ಮಾತಾಡುವುದಿಲ್ಲ. ಕೊನೆಯ ಅಧ್ಯಾಯ ಓದಿ ಅತ್ತದ್ದನ್ನು ಹೇಳುತ್ತಾರೆ, ಅಷ್ಟೆ. ನಮ್ಮ ಸೋದರತ್ತೆಯೊಬ್ಬರು ಈ ಪಕ್ಷದ ಆಜೀವ ಸದಸ್ಯೆ. ಆ ಪುಸ್ತಕ ಓದಿದ ಮೇಲೆ ಬೇಲೂರಿಗೆ ಹೋಗಿ, ದರ್ಪಣಸುಂದರಿಯ ಮುಂದೆ ನಿಂತು, ಗೈಡ್ ‘ಇವಳೇ ಶಾಂತಲೆ’ ಎಂದಾಗ ಕೈ ಮುಗಿದವರು. ಆ ಮದನಿಕೆಗೂ ಶಾಂತಲೆಗೂ ಸಂಬಂಧವಿದೆ ಎನ್ನುವುದಕ್ಕೆ ಶಾಸನದ ಆಧಾರವಿಲ್ಲ ಎಂದರೆ, ‘ನಿನಗೇನು ಗೊತ್ತು, ಸುಮ್ಮನಿರೋ’ ಎನ್ನುತ್ತಾರೆ. ನಾಗರಾಜರಾಯರ ಪಕ್ಷದವರ ರೀತಿ ಬೇರೆ. ಅವರ ಬಾಯಲ್ಲಿ ಇಸವಿಗಳಿರುತ್ತವೆ.

ಇಸವಿಗಳನ್ನೇ ಮೊದಲು ನೋಡೋಣ. 1116ರ ಹೊತ್ತಿಗೆ ಚೋಳರಿಂದ ತಲಕಾಡು ಗೆದ್ದ ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿದ. ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿ ಶಾಂತಲೆಯದು. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು, ಮಗಳು ಜೈನಧರ್ಮ ಬಿಡದೆ ಕೇಶವನಿಗೂ ಗುಡಿ ಕಟ್ಟಿಸಿದವಳು. 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಿನಾಥನಿಗೊಂದು ಬಸದಿ ಕಟ್ಟಿಸಿ ತನ್ನ ಬಿರುದನ್ನೇ ಅದಕ್ಕಿಟ್ಟಳು: ಸವತಿಗಂಧವಾರಣ, ಸವತಿಯರ ಪಾಲಿಗೆ ಮದ್ದಾನೆ. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಇದನ್ನು ಹೇಳುವುದು ಬೆಳಗೊಳದ ಶಾಸನ. ಎಲ್ಲಿ, ಯಾವಾಗ ಎಂಬುದನ್ನು ತಿಥಿ ಸಮೇತ ತಿಳಿಸುವ ಆ ಕಲ್ಲು ಹೇಗೆ ಎಂಬುದನ್ನು ಬಿಟ್ಟುಬಿಟ್ಟಿದೆ. ಕನ್ನಡ ಕಾದಂಬರಿಕಾರರೆಲ್ಲ ನುಗ್ಗಿರುವುದು ಆ ಬಿಟ್ಟ ಜಾಗಕ್ಕೆ.

ಜನರ ಬಾಯಲ್ಲಿದ್ದ ಕಥೆ ಹೀಗಿತ್ತು. ಶಾಂತಲೆಗೆ ಮಕ್ಕಳಿಲ್ಲ. ಸಿಂಹಾಸನಕ್ಕೊಬ್ಬ ವಾರಸುದಾರ ಬೇಕು. ತಾನೇ ಮುಂದೆ ನಿಂತು ಗೆಳತಿ ಲಕ್ಷ್ಮಿಯನ್ನು ರಾಜನಿಗೆ ಮದುವೆ ಮಾಡಿಸುತ್ತಾಳೆ, ಕೊನೆಗೆ ಅವಳ ದಾರಿಗೆ ತಾನು ಅಡ್ಡ ಇರಬಾರದೆಂದು ಶಿವಗಂಗೆಯ ತುದಿಯಿಂದ ಧುಮುಕುತ್ತಾಳೆ. ಇವತ್ತಿಗೂ ಆ ಬೆಟ್ಟ ಹತ್ತಿದವರಿಗೆ ಅವಳು ಹಾರಿದ ಜಾಗ ಇದೇ ಎಂದು ತೋರಿಸುವವರಿದ್ದಾರೆ. ಒಳಕಲ್ಲು ತೀರ್ಥದಲ್ಲಿ ಕೈ ಇಳಿಬಿಟ್ಟು ನೀರು ಸಿಕ್ಕಿತೆಂದು ಹಿಗ್ಗಿದವರು ಅಲ್ಲಿಗೆ ಬಂದು ಕೆಳಗೆ ಬಗ್ಗಿ ನೋಡಿ ಒಂದು ಗಳಿಗೆ ಸುಮ್ಮನಾಗುತ್ತಾರೆ.

ಅಯ್ಯರ್ ಈ ಕಥೆಯನ್ನೇ ಹಿಡಿದರು. ಅವರು ವೃತ್ತಿಯಿಂದ ಸಾಹಿತಿಯಲ್ಲ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ ದೇಹದಾರ್ಢ್ಯ ಪಟು, ಟಿ.ಪಿ. ಕೈಲಾಸಂ ಅವರ ಗೆಳೆಯ, ‘ರೂಪದರ್ಶಿ’ ಬರೆದವರು. ಮನುಷ್ಯನ ಮೈ ಹೇಗೆ ನಿಲ್ಲುತ್ತದೆ, ಹೇಗೆ ತಿರುಗುತ್ತದೆ ಎಂದು ಜೀವನವಿಡೀ ನೋಡಿದ ಕಣ್ಣು ಅದು. ನಾಟ್ಯರಾಣಿಯ ಕಥೆ ಹೇಳಲು ಅಂಥವರೇ ಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಅವರ ಭಾಷೆ ಸ್ವಲ್ಪ ಜಾಸ್ತಿಯೇ ಸಿಂಗಾರ ಮಾಡಿಕೊಳ್ಳುತ್ತದೆ, ನಿಜ. ಆದರೂ ಪುಟ ತಿರುಗಿಸುವ ಕೈ ನಿಲ್ಲುವುದಿಲ್ಲ.

1978ರಲ್ಲಿ ನಾಗರಾಜರಾಯರು ನಾಲ್ಕು ಭಾಗಗಳ ಬೃಹತ್ ಕಾದಂಬರಿ ತಂದಾಗ ಈ ಕಥೆಯ ಬುಡಕ್ಕೇ ಏಟು ಬಿತ್ತು. ಅವರು ಕವಿ ಲಕ್ಷ್ಮೀಶನ ಕಾಲ, ಸ್ಥಳಗಳ ಬಗ್ಗೆ ಸಂಶೋಧನೆ ಮಾಡಿದವರು, ಶಾಸನ ಬಿಡಿಸಿ ಓದುವುದರಲ್ಲಿ ಸುಖ ಕಂಡವರು. ಅವರ ಶಾಂತಲೆಗೆ ಮಕ್ಕಳಿದ್ದಾರೆ. ಆತ್ಮಹತ್ಯೆ ಇಲ್ಲ. ಗೆಳತಿಯಾಗಿದ್ದ ಲಕ್ಷ್ಮಿ ಇಲ್ಲಿ ಮತ್ಸರದ ಸವತಿ, ಅರಮನೆಯೊಳಗೆ ಮತದ ಒಡಕು ತರುವವಳು. ಈ ಕೃತಿಗೆ 1983ರಲ್ಲಿ ಭಾರತೀಯ ಜ್ಞಾನಪೀಠದ ಮೊದಲ ಮೂರ್ತಿದೇವಿ ಪ್ರಶಸ್ತಿ ಬಂತು. ಇಸವಿ ಹೇಳುವ ಪಕ್ಷಕ್ಕೆ ಅದೊಂದು ಠಸ್ಸೆ ಒತ್ತಿದ ಹಾಗಾಯಿತು.

ಅವರ ಕೈಯಲ್ಲಿರುವ ಅತಿ ದೊಡ್ಡ ಅಸ್ತ್ರ ಹಳೇಬೀಡಿನ ಬಸ್ತಿಹಳ್ಳಿಯಲ್ಲಿದೆ. ದಂಡನಾಯಕ ಗಂಗರಾಜನ ಮಗ ಬೊಪ್ಪ, ತೀರಿಕೊಂಡ ತಂದೆಯ ನೆನಪಿಗೆ 1133ರಲ್ಲಿ ಅಲ್ಲೊಂದು ಪಾರ್ಶ್ವನಾಥ ಬಸದಿ ಕಟ್ಟಿಸಿದ. ಪೂಜಾರಿಗಳು ಪ್ರಸಾದ ಹಿಡಿದು ಬಂಕಾಪುರದಲ್ಲಿದ್ದ ದೊರೆಯ ಬಳಿಗೆ ಹೋದ ಹೊತ್ತಿಗೆ ಸರಿಯಾಗಿ ಯುದ್ಧದಲ್ಲಿ ಗೆಲುವು, ಜೊತೆಗೇ ಲಕ್ಷ್ಮೀದೇವಿಗೆ ಗಂಡುಮಗು. ಹಿಗ್ಗಿದ ವಿಷ್ಣುವರ್ಧನ ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ. ಅಂದರೆ ಮುಂದೆ ಪಟ್ಟಕ್ಕೆ ಬಂದ ಒಂದನೇ ನರಸಿಂಹ ಹುಟ್ಟಿದ್ದು ಶಾಂತಲೆ ತೀರಿಕೊಂಡು ಎರಡು ವರ್ಷವಾದ ಮೇಲೆ. ಹುಟ್ಟದ ಮಗುವಿಗೆ ಯಾರು ದಾರಿ ಬಿಟ್ಟುಕೊಡುತ್ತಾರೆ ಸ್ವಾಮಿ, ಎನ್ನುವುದು ಇವರ ಪಾಟೀಸವಾಲು. ಸವತಿಯರಿಗೆ ಮದ್ದಾನೆ ಎಂದು ಕರೆಸಿಕೊಂಡವಳು ಕೈಯಾರೆ ಸವತಿ ತಂದಳೇ, ಎನ್ನುವುದು ಎರಡನೆಯದು.

ಅಯ್ಯರ್ ಪಕ್ಷ ಇದಕ್ಕೆ ಸೋಲುವುದಿಲ್ಲ. ಅವಳು ಹೋದ ಮೇಲೆ ತಾನೇ ಮಗು ಹುಟ್ಟಿದ್ದು, ಅವಳ ಲೆಕ್ಕ ಸರಿಯೇ ಆಯಿತಲ್ಲ, ಎನ್ನುತ್ತದೆ. ಒಂದೇ ಶಾಸನ, ಎರಡು ಪಕ್ಷಕ್ಕೂ ಸಾಕ್ಷಿ. ಇಂಥ ಜಗಳ ಮುಗಿಯುವುದಾದರೂ ಹೇಗೆ?

ಮುಗಿಯದಿರುವುದಕ್ಕೆ ಇನ್ನೊಂದು ಕಾರಣವಿದೆ ಎಂದು ನನ್ನ ಅನುಮಾನ. ಇಸವಿ ಹಿಡಿದು ವಾದ ಮಾಡುವವರಿಗೂ ನಿಜವಾಗಿ ಬೇಕಾಗಿರುವುದು ಇಸವಿ ಅಲ್ಲ. ಐತಿಹ್ಯದ ಶಿಲ್ಪಿ ಜಕಣಾಚಾರಿಯ ವಿಷಯ ತೆಗೆದುಕೊಳ್ಳಿ. ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೀಗೆ ಶಿಲ್ಪಿಗಳ ಹೆಸರು ಕೆತ್ತಿದೆ, ಜಕಣನದು ಅಲ್ಲಿಲ್ಲ. ಆದರೂ ನಾಗರಾಜರಾಯರ ಕಾದಂಬರಿಯಲ್ಲಿ ಅವನು ಇದ್ದಾನೆ, ಯಾವ ಓದುಗನೂ ತಕರಾರು ತೆಗೆದಿಲ್ಲ. ಐತಿಹ್ಯಕ್ಕೆ ಒಂದು ಕಡೆ ಬಾಗಿಲು ತೆರೆದು ಇನ್ನೊಂದು ಕಡೆ ಹಾಕಿದ್ದೇಕೆ? ಜಕಣ ಬಂದರೆ ಶಾಂತಲೆಗೆ ಕುಂದಿಲ್ಲ, ಬೆಟ್ಟದಿಂದ ಬಿದ್ದರೆ ಕುಂದು. ಬೇಡವಾಗಿದ್ದದ್ದು ಸುಳ್ಳಲ್ಲ, ಆ ಸಾವು. ಇಷ್ಟು ಓದಿದ, ಹಾಡಿದ, ಗುಡಿ ಕಟ್ಟಿಸಿದ ಹೆಣ್ಣು ಗಂಡನ ಸಿಂಹಾಸನದ ಲೆಕ್ಕ ಸರಿಮಾಡಲು ಸಾಯಬೇಕೇ ಎಂಬ ಸಿಟ್ಟು ಅದು. ಆ ಸಿಟ್ಟು ನನಗೂ ಇದೆ. ತ್ಯಾಗ ಎಂದರೆ ಸಾಕು, ಹೆಣ್ಣನ್ನು ಎಷ್ಟು ಎತ್ತರದಿಂದ ಬೇಕಾದರೂ ತಳ್ಳಬಹುದು ಎನ್ನುವ ಒಂದು ಕಾಲದ ಓದಿನ ರುಚಿ ಅಯ್ಯರ್ ಅವರ ಪುಟಗಳಲ್ಲೂ ಇದೆ.

ಆದರೆ ನಾಗರಾಜರಾಯರು ಅವಳನ್ನು ಬದುಕಿಸುವ ಭರದಲ್ಲಿ ಒಂದು ಕಷ್ಟ ತಂದುಕೊಂಡರು. ಅವರ ಶಾಂತಲೆ ತಪ್ಪೇ ಮಾಡುವುದಿಲ್ಲ. ರಾಜತಂತ್ರ, ನಾಟ್ಯ, ಶಿಲ್ಪ, ಧರ್ಮ, ಮಕ್ಕಳ ಪಾಲನೆ, ಯಾವುದರಲ್ಲೂ ಕೈ ನಡುಗದು. ಸವತಿಯ ಕಿರುಕುಳಕ್ಕೂ ಮುಗುಳ್ನಗೆ. ಸಾವಿರದ ಪುಟ ದಾಟುವಾಗ, ಒಂದು ಸಲವಾದರೂ ಈ ಹೆಂಗಸು ಸಿಡುಕಿ ತಟ್ಟೆ ಎಸೆಯಬಾರದೇ ಎನ್ನಿಸುತ್ತದೆ. ದೋರಸಮುದ್ರದ ಆಸ್ಥಾನದ ಒಳಸಂಚು, ದಂಡನಾಯಕರ ಮನೆತನಗಳ ಪೈಪೋಟಿ, ಒಂದೇ ಸೂರಿನಡಿ ಎರಡು ಮೂರು ಮತಗಳು ಬಾಳುವ ಇಕ್ಕಟ್ಟು, ಇವುಗಳಲ್ಲಿ ಆ ಕಾದಂಬರಿಗೆ ಸಮನಿಲ್ಲ. ಪ್ರಣಯದಲ್ಲಿ ಮಾತ್ರ ಸೊರಗಿದೆ. ಏನನ್ನೂ ಕಳೆದುಕೊಳ್ಳದವಳ ಪ್ರೇಮಕಥೆ ಓದುವುದು ಕಷ್ಟ.

ಅಯ್ಯರ್ ಗೆದ್ದದ್ದು ಅಲ್ಲಿ. ಅವರ ಅಭಿಮಾನಿಗಳು ಬೆಟ್ಟದ ದೃಶ್ಯವನ್ನು ಹೊಗಳುತ್ತಾರೆ, ನನಗೆ ಆ ದೃಶ್ಯ ಅಷ್ಟಕ್ಕಷ್ಟೆ. ಅವರ ನಿಜವಾದ ಪ್ರಣಯಕಥೆ ರಾಜ ರಾಣಿಯರದಲ್ಲ, ಇಬ್ಬರು ಗೆಳತಿಯರದು. ಒಬ್ಬ ಗಂಡಸನ್ನು ಹಂಚಿಕೊಳ್ಳುವಾಗ ಆ ಸ್ನೇಹದೊಳಗೆ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂಬಲ್ಲಿ ಎದೆ ಹಿಂಡುತ್ತದೆ. ಆ ಲಕ್ಷ್ಮಿಯನ್ನು ದುಷ್ಟ ಸವತಿ ಮಾಡಿದಾಗಲೇ ನಾಗರಾಜರಾಯರು ಕಥೆಯ ಅರ್ಧ ಆಸ್ತಿ ಬಿಟ್ಟುಕೊಟ್ಟರು ಎಂದು ನನ್ನ ತೀರ್ಮಾನ. ಶಾಸನದ ಲಕ್ಷ್ಮೀದೇವಿ ಒಳ್ಳೆಯವಳೂ ಅಲ್ಲ, ಕೆಟ್ಟವಳೂ ಅಲ್ಲ, ನರಸಿಂಹನ ತಾಯಿ, ಅಷ್ಟೆ.

ಎರಡೂ ಪಕ್ಷದವರು ಕಡೆಗಣ್ಣಲ್ಲಿ ನೋಡಿ ಮುಂದೆ ಹೋಗುವ ಇನ್ನೊಬ್ಬಳಿದ್ದಾಳೆ, ಮಾಚಿಕಬ್ಬೆ. ಶಿವಗಂಗೆಯ ಸುದ್ದಿ ಬಂದ ಮೇಲೆ ಆ ತಾಯಿ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು, ಸಂನ್ಯಸನ ವಿಧಿಯಿಂದ ದೇಹ ಬಿಟ್ಟಳೆಂದು ಅದೇ ಶಾಸನ ಹೇಳುತ್ತದೆ. ಮಗಳ ಸಾವಿನ ಬಗ್ಗೆ ಇಷ್ಟು ಬಿಗಿಯಾಗಿ ಬಾಯಿ ಮುಚ್ಚಿದ ಕಲ್ಲು ತಾಯಿಯ ಸಾವನ್ನು ಮಾತ್ರ ಬಿಡಿಸಿ ಹೇಳುತ್ತದೆ. ಅವಳ ಕಡೆಯಿಂದ ಶುರುವಾಗುವ ಕಾದಂಬರಿಯೊಂದನ್ನು ಯಾರಾದರೂ ಬರೆದರೆ, ಇಸವಿಯವರೂ ಅಳುವವರೂ ಒಟ್ಟಿಗೆ ಓದಬಹುದೇನೋ.

ಯಾವುದನ್ನು ಮೊದಲು ಓದಲಿ ಎಂದು ಕೇಳುವವರಿಗೆ: ಅಯ್ಯರ್ ಮೊದಲು. ನಾಗರಾಜರಾಯರನ್ನು ಓದಿ ಬಂದವರಿಗೆ ಅಯ್ಯರ್ ಅವರ ಪ್ರತಿ ಪುಟದಲ್ಲೂ ತಪ್ಪು ಕಾಣುತ್ತದೆ, ಓದು ಕೆಡುತ್ತದೆ. ಉಲ್ಟಾ ಓದಿದರೆ ಆ ತೊಂದರೆ ಇಲ್ಲ, ನಾಲ್ಕು ಭಾಗ ಮುಗಿಸುವ ಪುರುಸೊತ್ತು ಮಾತ್ರ ಇರಬೇಕು.