'ಅಂತೆ' ಇಲ್ಲದ ಸುದ್ದಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಯಾರಾದರೂ ಕೇಳಿದ ಸುದ್ದಿ ಹೇಳಿದರೆ ಕೊನೆಗೊಂದು 'ಅಂತೆ' ಸೇರಿಸುತ್ತಾರೆ. 'ಕೆರೆಗೆ ನೀರು ಬಂತಂತೆ.' ನಾನು ಕಂಡಿಲ್ಲ, ಕೇಳಿದ್ದೇನೆ ಎಂಬ ಪ್ರಾಮಾಣಿಕತೆ ಈ ಪುಟ್ಟ ಪದದಲ್ಲಿದೆ. 'ಯಾರು ಹೇಳಿದ್ದು?' ಎಂದು ತಿರುಗಿ ಕೇಳುವ ಹಕ್ಕನ್ನೂ ಅದು ಕೊಡುತ್ತದೆ. ವಾಟ್ಸಪ್ಪಿನಲ್ಲಿ ಹರಿದಾಡುವ ಸಂದೇಶಗಳನ್ನು ಕತೆಗಾರನ ಕಣ್ಣಿನಿಂದ ಓದಿದರೆ ಮೊದಲು ಕಾಣುವ ಕೊರತೆ ಇದೇ. ಅಲ್ಲಿ ಊರಿಲ್ಲ, ತಾರೀಖಿಲ್ಲ, ಹೇಳಿದವನ ಹೆಸರಿಲ್ಲ. ಎಲ್ಲವೂ ಕಣ್ಣಾರೆ ಕಂಡಂತೆಯೇ ಇರುತ್ತದೆ.

ಹಾಗೆಂದು ಈ ಮಾಧ್ಯಮ ಪ್ರಜಾಪ್ರಭುತ್ವಕ್ಕೆ ಏನೂ ಕೊಡಲಿಲ್ಲ ಎನ್ನುವುದು ಅನ್ಯಾಯ. 2020ರ ನವೆಂಬರ್‌ನ ಶಿರಾ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ನೀರು ಹರಿಸುವ ಭರವಸೆ ದೊಡ್ಡ ಮಾತಾಗಿತ್ತು. ಅಂಥ ಮಾತನ್ನು ಯಾರು, ಯಾವ ವೇದಿಕೆಯಲ್ಲಿ ಆಡಿದರೆಂದು ರೈತನೊಬ್ಬ ಇಂದು ತನ್ನ ಮೊಬೈಲಿನಲ್ಲೇ ತೆಗೆದು ತೋರಿಸಬಲ್ಲ, ಲೆಕ್ಕ ಕೇಳಬಲ್ಲ. 2025ರ ಆಗಸ್ಟ್‌ನಲ್ಲಿ ಮಧುಗಿರಿಯ ಶಾಸಕ ಕೆ.ಎನ್. ರಾಜಣ್ಣ ಮತದಾರರ ಪಟ್ಟಿಯ ಬಗ್ಗೆ ಆಡಿದ ಮಾತಿನ ಬೆನ್ನಲ್ಲೇ ಸಚಿವ ಸ್ಥಾನ ಕಳೆದುಕೊಂಡರು. ಮಾತು ಸರಿಯೋ ತಪ್ಪೋ, ಆಡಿದವರ ಮುಖ ಕಾಣುತ್ತಿತ್ತು; ಬೆಲೆಯನ್ನೂ ಅವರೇ ತೆತ್ತರು.

ಹೆಸರಿಲ್ಲದ ಸಂದೇಶಕ್ಕೆ ಬೆಲೆ ತೆರುವವರು ಬೇರೆ. 2012ರ ಆಗಸ್ಟ್‌ನಲ್ಲಿ ಎಸ್ಸೆಮ್ಮೆಸ್ ವದಂತಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. 2018ರ ಜುಲೈನಲ್ಲಿ 'ಮಕ್ಕಳ ಕಳ್ಳರು' ಎಂಬ ಸಂದೇಶ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬನ ಜೀವ ತೆಗೆಯಿತು. 2020ರಲ್ಲಿ ಕೊರೊನಾಕ್ಕೆ ನಮ್ಮ ಸಮುದಾಯದ ಹೆಸರಿಟ್ಟರು. ತಬ್ಲೀಗಿನ ವಿದೇಶಿಯರನ್ನು ಬಲಿಪಶು ಮಾಡಲೆಂದೇ ಆರಿಸಿಕೊಂಡ ಸಾಧ್ಯತೆಯಿದೆ ಎಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆ ಆಗಸ್ಟ್‌ನಲ್ಲೇ ಹೇಳಿತು. ಆ ತೀರ್ಪು ಎಷ್ಟು ಮೊಬೈಲುಗಳನ್ನು ತಲುಪಿತು?

ಜನಮರುಳು ರಾಜಕಾರಣಕ್ಕೆ ಈ ಅನಾಮಿಕತೆಯೇ ಬಂಡವಾಳ. ಯಾರೂ ಹೇಳದ ಮಾತು ಎಲ್ಲರೂ ಹೇಳಿದ ಮಾತಿನಂತೆ ಕೇಳಿಸುತ್ತದೆ. ಅದನ್ನೇ 'ಜನರ ದನಿ' ಎಂದು ಕರೆದುಬಿಟ್ಟರೆ ಕೇಳುವವರಾರು?

2025ರ ಡಿಸೆಂಬರ್‌ನಲ್ಲಿ ದ್ವೇಷ ಭಾಷಣ ತಡೆಯುವ ಮಸೂದೆಯನ್ನು ವಿಧಾನಸಭೆಯಲ್ಲಿ ಮಂಡಿಸಿದವರು ಕೊರಟಗೆರೆಯ ಶಾಸಕ, ಆಗ ಗೃಹ ಸಚಿವರಾಗಿದ್ದ ಜಿ. ಪರಮೇಶ್ವರ. ಕಾನೂನು ಬೇಕು ನಿಜ. ಆದರೆ ಅದು ಕೆರೆಯ ಲೆಕ್ಕ ಕೇಳುವ ರೈತನ ಮೇಲೆ ತಿರುಗಬಾರದು. ಕಾನೂನು ಮಾಡಲಾಗದ ಕೆಲಸವೊಂದು ನಮ್ಮ ಕೈಯಲ್ಲೂ ಇದೆ.

ಒಂದು ಹದೀಸನ್ನು ಒಪ್ಪುವ ಮೊದಲು ಅದನ್ನು ತಂದವರ ಸರಪಳಿಯನ್ನು, ಇಸ್ನಾದನ್ನು, ನಮ್ಮ ವಿದ್ವಾಂಸರು ಒಬ್ಬೊಬ್ಬರಾಗಿ ಪರೀಕ್ಷಿಸಿದರು. ದುಷ್ಟನು ತಂದ ಸುದ್ದಿಯನ್ನು ವಿಚಾರಿಸಿ ನೋಡಿ ಎಂದು ಕುರ್‌ಆನಿನ ಹುಜುರಾತ್ ಅಧ್ಯಾಯ ಎಚ್ಚರಿಸುತ್ತದೆ. ಇಂಥ ಪರಂಪರೆಯ ನಾವೇ ನಮ್ಮ ಗುಂಪುಗಳಲ್ಲಿ ತಲೆಬುಡವಿಲ್ಲದ ಸಂದೇಶಗಳನ್ನು 'ಸವಾಬ್' ಸಿಗುತ್ತದೆಂದು ದಾಟಿಸುತ್ತೇವೆ. ಬೇರೆಯವರ ಸುಳ್ಳಿಗೆ ನೊಂದವರು ನಮ್ಮ ಸುಳ್ಳಿಗೆ ರಿಯಾಯಿತಿ ಕೇಳುವಂತಿಲ್ಲ.

ದಾಟಿಸುವ ಮುನ್ನ ಪ್ರತಿ ಸಂದೇಶಕ್ಕೂ ಒಂದು 'ಅಂತೆ' ಸೇರಿಸಿ ಓದೋಣ. ಬಹಳಷ್ಟು ಅಲ್ಲಿಗೇ ನಿಂತುಬಿಡುತ್ತವೆ.